ಬೆನ್ನ ಮೇಲಿನ ಸಾಕ್ಷಿ ಯಾರ ಪರ?

ಅಂತರರಾಷ್ಟ್ರೀಯ ರಗ್ಬಿ ಪಂದ್ಯಗಳನ್ನು ಟಿ.ವಿ.ಯಲ್ಲಿ ನೋಡುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಆಟಗಾರರ ಎರಡು ಭುಜದ ಮೂಳೆಗಳ ನಡುವೆ, ಕುತ್ತಿಗೆಗಿಂತ ತುಸು ಕೆಳಗೆ, ಜೆರ್ಸಿಯ ಒಳಗಿನಿಂದ ಬೆಂಕಿಪೊಟ್ಟಣದಷ್ಟು ಗಾತ್ರದ ಉಬ್ಬೊಂದು ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಅದು ಗಾಯಕ್ಕೆ ಕಟ್ಟಿದ ಪಟ್ಟಿಯಂತೆ ತೋರುತ್ತದೆ. ವಾಸ್ತವದಲ್ಲಿ ಅದೊಂದು ಜಿಪಿಎಸ್ ಗ್ರಾಹಕ. ಆಟಗಾರ ಎಲ್ಲಿದ್ದಾನೆ, ಎಷ್ಟು ವೇಗದಲ್ಲಿ ಓಡುತ್ತಿದ್ದಾನೆ ಎಂಬುದನ್ನು ಅದು ಸೆಕೆಂಡಿಗೆ 10 ಬಾರಿ ದಾಖಲಿಸುತ್ತದೆ. ಪಂದ್ಯದ 80 ನಿಮಿಷಗಳಲ್ಲಿ ಒಬ್ಬ ಆಟಗಾರನ ಬಗ್ಗೆ 48,000 ದಾಖಲೆಗಳು. ಹದಿನೈದು ಮಂದಿಯ ತಂಡಕ್ಕೆ ಏಳು ಲಕ್ಷಕ್ಕೂ ಹೆಚ್ಚು. ಇಷ್ಟೊಂದು ಅಂಕಿಗಳಿಂದ ಒಬ್ಬ ಮನುಷ್ಯನ ಓಟದ ಬಗ್ಗೆ ಏನನ್ನು ತಿಳಿಯಬಹುದು, ಹಾಗೆ ತಿಳಿದದ್ದು ಯಾರ ಸ್ವತ್ತು ಎಂಬ ಎರಡು ಪ್ರಶ್ನೆಗಳು ನನ್ನನ್ನು ಕೆಲವು ಕಾಲದಿಂದ ಕಾಡುತ್ತಿವೆ. ಮೊದಲನೆಯದಕ್ಕೆ ವಿಜ್ಞಾನ ಸೊಗಸಾದ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಇನ್ನೂ ತಡವರಿಸುತ್ತಿದ್ದಾರೆ.

ಕ್ರಿಕೆಟ್ಟಿನ ನಾಡಿನಲ್ಲಿ ರಗ್ಬಿಯ ಪರಿಚಯ ಕಡಿಮೆ. ಆದರೂ ಆ ಆಟದ ಹಳೆಯ ಪ್ರಶಸ್ತಿಗಳಲ್ಲೊಂದಾದ ‘ಕಲ್ಕತ್ತಾ ಕಪ್’ ನಮ್ಮ ಬೆಳ್ಳಿಯ ರೂಪಾಯಿ ನಾಣ್ಯಗಳನ್ನು ಕರಗಿಸಿ ಮಾಡಿದ್ದು. ಕಲ್ಕತ್ತೆಯಲ್ಲಿ ನೆಲೆಸಿದ್ದ ಆಂಗ್ಲರ ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ನಾಣ್ಯಗಳಾಗಿ ಪಡೆದು, ಮೂರು ನಾಗರಹಾವುಗಳ ಹಿಡಿಕೆಯ, ಮುಚ್ಚಳದ ಮೇಲೆ ಆನೆಯಿರುವ ಪಾತ್ರೆಯನ್ನು ಮಾಡಿಸಿತು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಅದಕ್ಕಾಗಿ ಸೆಣಸುತ್ತಿವೆ. ಈ ಆಟದ ಹದಿನೈದು ಮಂದಿಯಲ್ಲಿ ಎಂಟು ಜನ ‘ಫಾರ್ವರ್ಡ್’ಗಳು, ಎದುರಾಳಿಯೊಡನೆ ತಲೆ ಕೊಟ್ಟು ಗುದ್ದಾಡಿ ಚೆಂಡನ್ನು ಗೆದ್ದು ಕೊಡುವುದು ಇವರ ಕೆಲಸ. ಉಳಿದ ಏಳು ಮಂದಿ ‘ಬ್ಯಾಕ್’ಗಳು, ಗೆದ್ದ ಚೆಂಡನ್ನು ಹಿಡಿದು ಗೆರೆ ದಾಟಿಸಬೇಕಾದವರು. ನೂರಿಪ್ಪತ್ತು ಕಿಲೋ ತೂಗುವ ‘ಪ್ರಾಪ್’ ಮತ್ತು ಚಿಗರೆಯಂತೆ ಹಾರುವ ‘ವಿಂಗರ್’ ಒಂದೇ ತಂಡದಲ್ಲಿರುತ್ತಾರೆ. ದೇಹದ ವೈವಿಧ್ಯಕ್ಕೆ ಇಷ್ಟೊಂದು ಜಾಗ ಕೊಟ್ಟಿರುವ ತಂಡದಾಟ ಇನ್ನೊಂದಿಲ್ಲವೆಂದೇ ಹೇಳಬೇಕು. ಅಳತೆಯ ಕಷ್ಟವೂ ಇಲ್ಲಿಂದಲೇ ಶುರುವಾಗುತ್ತದೆ.

1995ರ ಜೂನ್ 18ರಂದು ಕೇಪ್‌ಟೌನಿನಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ನ್ಯೂಜಿಲೆಂಡಿನ ಇಪ್ಪತ್ತರ ತರುಣ ಜೋನಾ ಲೋಮು ಇಂಗ್ಲೆಂಡಿನ ವಿರುದ್ಧ ನಾಲ್ಕು ‘ಟ್ರೈ’ ಗಳಿಸಿದರು. ಸುಮಾರು 118 ಕಿಲೋ ತೂಕದ ದೇಹ ವಿಂಗರ್‌ನ ವೇಗದಲ್ಲಿ ನುಗ್ಗಿಬಂದರೆ ಏನಾಗುತ್ತದೆಂಬುದನ್ನು ಜಗತ್ತು ಅಂದು ಕಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರಗ್ಬಿ ಯೂನಿಯನ್ ತನ್ನ ಹವ್ಯಾಸಿ ನಿಯಮಗಳನ್ನು ಕೈಬಿಟ್ಟು ವೃತ್ತಿಪರ ಆಟವಾಯಿತು. ಸಂಬಳ ಬಂದ ಕಡೆ ಲೆಕ್ಕವೂ ಬರುತ್ತದೆ. ವೇಗವನ್ನು ಕಣ್ಣಳತೆಯಲ್ಲಿ ಹೇಳುವ ಕಾಲ ಮುಗಿಯುತ್ತ ಬಂದಿತ್ತು.

ಜಿಪಿಎಸ್ ಹುಟ್ಟಿದ್ದು ಅಮೆರಿಕದ ಸೇನೆಗಾಗಿ. 1983ರ ಸೆಪ್ಟೆಂಬರಿನಲ್ಲಿ ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಹೊಕ್ಕ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದಾಗ 269 ಜನ ಸತ್ತರು. ಆ ದುರಂತದ ಬಳಿಕ ಅಧ್ಯಕ್ಷ ರೇಗನ್ ಈ ವ್ಯವಸ್ಥೆ ನಾಗರಿಕರಿಗೂ ಲಭ್ಯವಾಗುವುದೆಂದು ಸಾರಿದರು. ಆದರೆ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸಲಾಗಿತ್ತು. ಆ ಪರದೆಯನ್ನು ಸರಿಸಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಅಳತೆ ರಾತ್ರೋರಾತ್ರಿ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಆಸ್ಟ್ರೇಲಿಯಾದ ಸಂಸ್ಥೆಗಳು ಆ ದಶಕದಲ್ಲೇ ಇದನ್ನು ಆಟಗಾರರ ಬೆನ್ನಿಗೆ ಕಟ್ಟಿದವು. ಮೆಲ್ಬರ್ನಿನಲ್ಲಿ 2006ರಲ್ಲಿ ಆರಂಭವಾದ ‘ಕ್ಯಾಟಪುಲ್ಟ್’ ಅವುಗಳಲ್ಲಿ ಹೆಸರಾದುದು. ಸ್ಥಾನ ಹತ್ತು ಮೀಟರು ತಪ್ಪಬಹುದಾದರೆ ವೇಗವನ್ನು ನಿಖರವಾಗಿ ಹೇಳುವುದು ಹೇಗೆ ಎಂಬ ಸಂದೇಹ ಸಹಜ. ಉಪಗ್ರಹದ ರೇಡಿಯೊ ಅಲೆಯ ಆವರ್ತನ ಓಡುವವನ ಚಲನೆಗೆ ತಕ್ಕಂತೆ ಕಿಂಚಿತ್ತಾಗಿ ಬದಲಾಗುತ್ತದೆ. ಸಮೀಪಿಸುವ ರೈಲಿನ ಸೀಟಿ ಏರಿ, ದೂರಾಗುವಾಗ ಇಳಿಯುವಂತೆಯೇ ಇದು. ವೇಗವನ್ನು ಲೆಕ್ಕಿಸುವುದು ಮುಖ್ಯವಾಗಿ ಈ ಬದಲಾವಣೆಯಿಂದ. ಹಾಗಾಗಿ ಸ್ಥಾನದ ತಪ್ಪು ವೇಗಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಆದರೆ ಓಟವನ್ನು ಗಣಿತಕ್ಕೆ ಒಗ್ಗಿಸಿದ ಸಾಹಸ ಉಪಗ್ರಹಗಳಿಗಿಂತ ಬಹಳ ಹಳೆಯದು. ಸ್ನಾಯುಗಳ ಕಾರ್ಯವಿಧಾನದ ಅಧ್ಯಯನಕ್ಕಾಗಿ 1922ರ ನೊಬೆಲ್ ಪ್ರಶಸ್ತಿ ಪಡೆದ ಇಂಗ್ಲೆಂಡಿನ ಎ.ವಿ. ಹಿಲ್, ಓಟಗಾರರ ಮೈಗೆ ಅಯಸ್ಕಾಂತ ಕಟ್ಟಿ, ಓಟದ ಹಾದಿಯ ಬದಿಯಲ್ಲಿ ತಂತಿಯ ಸುರುಳಿಗಳನ್ನು ಇಟ್ಟರು. ಓಟಗಾರ ಪ್ರತಿ ಸುರುಳಿಯನ್ನು ದಾಟಿದಾಗ ವಿದ್ಯುತ್ ಮಿಡಿತವೊಂದು ದಾಖಲಾಗುತ್ತಿತ್ತು. 1927ರಲ್ಲಿ ಫುರುಸಾವಾ ಮತ್ತು ಪಾರ್ಕಿನ್ಸನ್ ಅವರೊಡನೆ ಹಿಲ್ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ಕ್ಷೇತ್ರದ ಬುನಾದಿ. ವೇಗ ಮೊದಲು ಭರದಿಂದ ಏರಿ, ಕ್ರಮೇಣ ಏರಿಕೆ ತಗ್ಗಿ, ಒಂದು ಗರಿಷ್ಠ ಮಟ್ಟದ ಬಳಿ ನಿಲ್ಲುತ್ತದೆಂದೂ ಈ ವಕ್ರರೇಖೆಯನ್ನು ಸರಳ ಸೂತ್ರವೊಂದು ಹಿಡಿದಿಡಬಲ್ಲದೆಂದೂ ಅವರು ತೋರಿಸಿದರು. ಇದೇ ಹಿಲ್ 1943–44ರಲ್ಲಿ ಭಾರತಕ್ಕೆ ಬಂದು ಇಲ್ಲಿನ ವೈಜ್ಞಾನಿಕ ಸಂಶೋಧನೆಯ ಸ್ಥಿತಿಗತಿಯ ಬಗ್ಗೆ ವರದಿ ಬರೆದವರು.

ಹಿಲ್ ಅವರ ಸೂತ್ರ ಉಳಿಯಿತು. ಅದಕ್ಕೆ ಅವರು ಕೊಟ್ಟ ಕಾರಣ ಉಳಿಯಲಿಲ್ಲ. ಸ್ನಾಯುವಿನೊಳಗಿನ ಜಿಗುಟುತನವೇ ವೇಗವನ್ನು ತಡೆಯುತ್ತದೆಂದು ಅವರು ಭಾವಿಸಿದ್ದರು. 1938ರ ಹೊತ್ತಿಗೆ ತಮ್ಮದೇ ಪ್ರಯೋಗಗಳಿಂದ ಆ ವಿವರಣೆಯನ್ನು ಕೈಬಿಟ್ಟರು. ರೇಖೆ ಸರಿಯಿದ್ದು ಕಾರಣ ತಪ್ಪಾಗಿರಬಹುದೆಂಬ ಈ ಪಾಠವನ್ನು ಇಂದು ತಂಡಗಳ ಕಚೇರಿಗಳಲ್ಲಿ ಗಣಕದ ಪರದೆಯೆದುರು ಕೂತವರು ನೆನಪಿಡಬೇಕೆಂದು ನನ್ನ ಅಭಿಪ್ರಾಯ.

ಬಹುಕಾಲ ಓಟದ ಪರೀಕ್ಷೆಯೆಂದರೆ ಒಂದು ವಿಶೇಷ ದಿನ. ಬೆಳಕಿನ ಕಿರಣದ ಕಂಬಗಳನ್ನು ನೆಟ್ಟು, ಆಟಗಾರರನ್ನು ಒಬ್ಬೊಬ್ಬರನ್ನಾಗಿ 30 ಅಥವಾ 40 ಮೀಟರು ಓಡಿಸಿ, ಕಾಲ ಬರೆದುಕೊಳ್ಳುವುದು. ಪಂದ್ಯಗಳ ನಡುವೆ ಇದಕ್ಕೆ ಬಿಡುವಿಲ್ಲ. ದಣಿದ ಕಾಲುಗಳನ್ನು ಪರೀಕ್ಷೆಗಾಗಿ ಪೂರ್ಣ ವೇಗದಲ್ಲಿ ಓಡಿಸಲು ತರಬೇತುದಾರರಿಗೆ ಅಳುಕು. ಇದಕ್ಕೆ ಪರಿಹಾರವನ್ನು ಸೂಚಿಸಿದವರು ಫ್ರಾನ್ಸಿನ ಜಾನ್ ಬೆನುವಾ ಮೊರಾನ್ ಮತ್ತು ಸಂಗಡಿಗರು. ಫುಟ್ಬಾಲ್ ಆಟಗಾರರ ದತ್ತಾಂಶವನ್ನು ಆಧರಿಸಿ 2021ರಲ್ಲಿ ಅವರು ಪ್ರಕಟಿಸಿದ ವಿಧಾನ ರಗ್ಬಿಗೂ ಒಗ್ಗುವಂಥದು. ಆಟಗಾರನ ಹಲವು ದಿನಗಳ ಸಾಮಾನ್ಯ ಅಭ್ಯಾಸದ ಜಿಪಿಎಸ್ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ, ಅಡ್ಡಗೆರೆಯಲ್ಲಿ ವೇಗವನ್ನೂ ನಿಲುಗೆರೆಯಲ್ಲಿ ವೇಗೋತ್ಕರ್ಷವನ್ನೂ ಇಟ್ಟು ಚುಕ್ಕೆ ಹಾಕುತ್ತ ಹೋಗಬೇಕು. ಸಾವಿರಾರು ಚುಕ್ಕೆಗಳ ಮೋಡವೊಂದು ಮೂಡುತ್ತದೆ. ಹೆಚ್ಚಿನವು ನಡಿಗೆ, ಕುಲುಕೋಟಗಳಿಂದ ಬಂದವು; ಅವುಗಳಿಂದ ಉಪಯೋಗವಿಲ್ಲ. ಪ್ರತಿಯೊಂದು ವೇಗದಲ್ಲೂ ಆತ ಸಾಧಿಸಿದ ಅತ್ಯಧಿಕ ವೇಗೋತ್ಕರ್ಷದ ಚುಕ್ಕೆಗಳನ್ನು ಮಾತ್ರ ಆರಿಸಿಕೊಂಡರೆ ಮೋಡದ ಮೇಲಂಚಿನಲ್ಲಿ ಇಳಿಜಾರಾದ ಸರಳರೇಖೆ ಸಿಗುತ್ತದೆ. ಅದು ನಿಲುಗೆರೆಯನ್ನು ಮುಟ್ಟುವ ಬಿಂದು ಆತನ ಸೈದ್ಧಾಂತಿಕ ಗರಿಷ್ಠ ವೇಗೋತ್ಕರ್ಷ; ಅಡ್ಡಗೆರೆಯನ್ನು ಮುಟ್ಟುವ ಬಿಂದು ಗರಿಷ್ಠ ವೇಗ. ಪರೀಕ್ಷೆಯ ದಿನವೇ ಬೇಕಿಲ್ಲ. ಗಣಿತ ಬಲ್ಲವರಿಗೆ ಇನ್ನೂ ಒಂದು ಸೊಗಸು ಕಾಣುತ್ತದೆ: 1927ರ ಹಿಲ್ ವಕ್ರರೇಖೆಯನ್ನು ಈ ಅಕ್ಷಗಳಲ್ಲಿ ಬರೆದರೆ ಸಿಗುವುದು ಇದೇ ಸರಳರೇಖೆ.

ಇದರ ಉಪಯೋಗವನ್ನು ಕಾಲ್ಪನಿಕ ಉದಾಹರಣೆಯೊಂದರಿಂದ ನೋಡೋಣ. ಒಬ್ಬ ಆಟಗಾರನ ಗರಿಷ್ಠ ವೇಗ ಸೆಕೆಂಡಿಗೆ 8 ಮೀಟರು, ಆರಂಭದ ವೇಗೋತ್ಕರ್ಷ 8 ಎನ್ನೋಣ. ಇನ್ನೊಬ್ಬನ ಗರಿಷ್ಠ ವೇಗ 10, ವೇಗೋತ್ಕರ್ಷ 6.4. ಎರಡೂ ಜೋಡಿಗಳ ಗುಣಲಬ್ಧ 64. ಅಂದರೆ ದೇಹತೂಕದ ಪ್ರತಿ ಕಿಲೋಗೆ ಇಬ್ಬರ ಗರಿಷ್ಠ ಸಾಮರ್ಥ್ಯವೂ ಸಮ. ಆದರೂ ಓಟಕ್ಕೆ ಬಿಟ್ಟರೆ ಎರಡು ಸೆಕೆಂಡುಗಳಾದಾಗ ಮೊದಲನೆಯವನು ಒಂದು ಅಡಿಗೂ ಹೆಚ್ಚು ಮುಂದಿರುತ್ತಾನೆ. ಮೂರನೆಯ ಸೆಕೆಂಡಿನ ಹೊತ್ತಿಗೆ ಎರಡನೆಯವನು ಅವನನ್ನು ದಾಟಿರುತ್ತಾನೆ. ಐದನೆಯ ಸೆಕೆಂಡಿಗೆ ಮೂರು ಮೀಟರು ಮುಂದೆ. ರಗ್ಬಿಯಲ್ಲಿ ಬಹುತೇಕ ಓಟಗಳು ಒಂದೆರಡು ಸೆಕೆಂಡುಗಳಲ್ಲಿ ಘರ್ಷಣೆಯಲ್ಲಿ ಮುಗಿಯುತ್ತವೆ. ಗುಂಪಿನ ನಡುವೆ ನುಗ್ಗಬೇಕಾದವನಿಗೆ ಮೊದಲ ಬಗೆಯ ರೇಖೆ ಸಂಪತ್ತು. ಅಂಚಿನಲ್ಲಿ ತೆರೆದ ಬಯಲಿಗಾಗಿ ಕಾಯುವವನಿಗೆ ಎರಡನೆಯದು. ‘ಯಾರು ವೇಗಿ?’ ಎಂಬ ಪ್ರಶ್ನೆಯೇ ಅಪೂರ್ಣವೆಂದೂ ಎಷ್ಟು ದೂರಕ್ಕೆ, ಯಾವ ಕೆಲಸಕ್ಕೆ ಎಂದು ಕೇಳಬೇಕೆಂದೂ ಈ ರೇಖೆ ಕಲಿಸುತ್ತದೆ. ಮಾತ್ರವಲ್ಲ, ಯಾರಿಗೆ ಯಾವ ಅಭ್ಯಾಸ ಬೇಕೆಂಬುದನ್ನೂ ಸೂಚಿಸುತ್ತದೆ. ಎಲ್ಲರಿಗೂ ಒಂದೇ ಔಷಧ ಕೊಡುವ ಪದ್ಧತಿಗೆ ಇದು ಉತ್ತರ.

ನ್ಯಾಯದ ಪ್ರಶ್ನೆಯೊಂದೂ ಇದರಲ್ಲಿದೆ. ಸೆಕೆಂಡಿಗೆ 5 ಅಥವಾ 5.5 ಮೀಟರು ದಾಟಿದ ಓಟವನ್ನೆಲ್ಲ ‘ವೇಗದ ಓಟ’ವೆಂದು ಎಲ್ಲರಿಗೂ ಸಮಾನವಾಗಿ ಎಣಿಸುವುದು ಬಹುಕಾಲದ ರೂಢಿ. 9 ಮೀಟರು ಮುಟ್ಟಬಲ್ಲ ವಿಂಗರ್‌ಗೆ ಅದು ನಿರಾಯಾಸ. 7 ಮೀಟರೇ ತುತ್ತತುದಿಯಾದ ಪ್ರಾಪ್‌ಗೆ ಅದೇ ವೇಗ ಉಸಿರು ಬಿಗಿಹಿಡಿದು ಮಾಡುವ ಶ್ರಮ. ಏಕರೂಪದ ಗೆರೆ ಎಳೆದಾಗ ದಪ್ಪ ಮೈಯವನ ದುಡಿಮೆ ಲೆಕ್ಕದಿಂದ ಜಾರಿಹೋಗಿ, ಆತ ಸೋಮಾರಿಯಂತೆ ಕಾಣುತ್ತಾನೆ. ಪ್ರತಿಯೊಬ್ಬನನ್ನೂ ಅವನದೇ ಗರಿಷ್ಠದೊಡನೆ ಹೋಲಿಸಿದರೆ ಚಿತ್ರ ಬದಲಾಗುತ್ತದೆ. ಅಂಕಿ ಅಂಶ ಸರಿಯಾಗಿ ಬಳಕೆಯಾದಾಗ ಅದು ದುರ್ಬಲನ ಪರ ಸಾಕ್ಷಿ ನುಡಿಯಬಲ್ಲದು.

ಗಾಯದ ವಿಷಯದಲ್ಲಿಯೂ ಇದರ ನೆರವು ದೊಡ್ಡದು. ಪೂರ್ಣ ವೇಗದ ಓಟದಲ್ಲಿ ತೊಡೆಯ ಹಿಂಬದಿಯ ಸ್ನಾಯು ಹರಿಯುವುದು ಆಟಗಾರರನ್ನು ವಾರಗಟ್ಟಲೆ ಹೊರಗಿಡುವ ಸಾಮಾನ್ಯ ಪೆಟ್ಟು. ಹೆಚ್ಚು ಓಡಿದರೆ ಅಪಾಯವೆಂಬುದು ಎಲ್ಲರಿಗೂ ತಿಳಿದದ್ದೇ. ಗರಿಷ್ಠ ವೇಗವನ್ನು ಅಭ್ಯಾಸದಲ್ಲಿ ಮುಟ್ಟದೇ ಇರುವುದೂ ಅಪಾಯವೆಂಬುದರತ್ತ ಐರ್ಲೆಂಡಿನ ಗೇಲಿಕ್ ಫುಟ್ಬಾಲ್ ಆಟಗಾರರ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನ ಬೆರಳು ತೋರಿಸಿತು. ಸ್ನಾಯುವಿಗೆ ವೇಗದ ರೂಢಿ ತಪ್ಪಬಾರದು. ಗಾಯದಿಂದ ಮರಳುವ ಆಟಗಾರ ತನ್ನ ಹಳೆಯ ರೇಖೆಯನ್ನು ಮತ್ತೆ ಮುಟ್ಟಿದ್ದಾನೆಯೇ ಎಂಬುದನ್ನು ನೋಡಿ ಆಡಲು ಬಿಡುವುದು ‘ಹೇಗಿದ್ದೀಯಪ್ಪ?’ ಎಂದು ಕೇಳಿ ಬಿಡುವುದಕ್ಕಿಂತ ಮೇಲು. ಆಡುವ ಹುಮ್ಮಸ್ಸಿನ ಹುಡುಗ ‘ಚೆನ್ನಾಗಿದ್ದೇನೆ’ ಎಂದಲ್ಲದೆ ಬೇರೇನು ಹೇಳಿಯಾನು?

ಇಷ್ಟೆಲ್ಲ ಹೇಳಿದ ಮೇಲೆ ಸಾಧನದ ಕುರುಡುತನವನ್ನೂ ಹೇಳಲೇಬೇಕು. ‘ಸ್ಕ್ರಮ್’ನಲ್ಲಿ ಎಂಟೆಂಟು ದೈತ್ಯರು ಎದುರುಬದುರಾಗಿ ಹೆಗಲು ಕೊಟ್ಟು ತಳ್ಳುವಾಗ ಬೆನ್ನುಮೂಳೆಯ ಮೇಲೆ ಸಾವಿರಾರು ನ್ಯೂಟನ್‌ಗಳ ಬಲ ಬೀಳುತ್ತದೆ. ಉಪಗ್ರಹಕ್ಕೆ ಮಾತ್ರ ಅವರೆಲ್ಲ ನಿಂತಲ್ಲೇ ನಿಂತವರು. ಎತ್ತರದ ಗ್ಯಾಲರಿಗಳು ಆಕಾಶವನ್ನು ಮರೆಮಾಡಿದರೆ ಸಂಕೇತ ಕ್ಷೀಣಿಸುತ್ತದೆ. ನಿಂತಲ್ಲಿಂದ ಫಕ್ಕನೆ ಚಿಮ್ಮುವ ಗಳಿಗೆಯನ್ನು ಸೆಕೆಂಡಿಗೆ 10 ಬಾರಿ ನೋಡುವ ಕಣ್ಣು ಪೂರ್ತಿ ಹಿಡಿಯಲಾರದು. ಒಂದು ಕಂಪನಿಯ ಸಾಧನದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹಾಗೇ ಹೋಲಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಿತಿ ಬೇರೆಯದು. ಆಟಗಾರ ತೋರಿಸಿದ್ದಷ್ಟೇ ರೇಖೆಯಲ್ಲಿ ಮೂಡುತ್ತದೆ. ತೆರೆದ ಬಯಲಿನಲ್ಲಿ ಓಡುವ ಅವಕಾಶವೇ ಸಿಗದವನ ಗರಿಷ್ಠ ವೇಗ ದಾಖಲೆಯಲ್ಲಿ ಕಡಿಮೆಯೆಂದೇ ಇರುತ್ತದೆ. ಅವಕಾಶದ ಕೊರತೆ ಅಲ್ಲಿ ಸಾಮರ್ಥ್ಯದ ಕೊರತೆಯಾಗಿ ನಮೂದಾಗುತ್ತದೆ. ಇದು ರಗ್ಬಿಗೆ ಮಾತ್ರ ಸೀಮಿತವಾದ ಅನ್ಯಾಯವಲ್ಲವೆಂಬುದು ಓದುಗರಿಗೆ ಹೊಳೆಯದಿರದು.

ಅಂಕಿಯ ಮೋಹ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಉದಾಹರಣೆಯೂ ಇದೆ. ಒಂದು ವಾರದ ದುಡಿಮೆಯನ್ನು ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸಿ, 0.8ರಿಂದ 1.3ರ ನಡುವೆ ಇದ್ದರೆ ಕ್ಷೇಮ, 1.5 ದಾಟಿದರೆ ಗಾಯದ ಅಪಾಯ ಎಂಬ ಸೂತ್ರ ಆಸ್ಟ್ರೇಲಿಯಾದ ಟಿಮ್ ಗ್ಯಾಬೆಟ್ ಅವರ 2016ರ ಪ್ರಬಂಧದ ನಂತರ ಜಗತ್ತಿನಾದ್ಯಂತ ಹಬ್ಬಿತು. ಅನೇಕ ತಂಡಗಳು ಅದನ್ನೇ ಪಂಚಾಂಗದಂತೆ ನೋಡತೊಡಗಿದವು. 2020ರ ಹೊತ್ತಿಗೆ ಫ್ರಾಂಕೊ ಇಂಪೆಲಿಜೆರಿ ಮೊದಲಾದ ಸಂಶೋಧಕರು ಆ ಭಾಗಾಕಾರದ ತರ್ಕದಲ್ಲೇ ದೋಷಗಳಿವೆಯೆಂದು ವಾದಿಸಿದರು. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಸರಿ. ಆದರೆ ಆ ನಡುವಿನ ವರ್ಷಗಳಲ್ಲಿ ಒಂದು ಭಾಗಾಕಾರದ ಮಾತು ಕೇಳಿ ಆಟದಿಂದ ಹೊರಗೆ ಕೂರಿಸಲ್ಪಟ್ಟವರಿಗೆ ಯಾವ ತಿದ್ದುಪಡಿಯೂ ಸಿಗುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಪರೀಕ್ಷೆಯ ದಿನ ಬೇಕಿಲ್ಲವೆಂಬುದನ್ನು ಹೊಸ ವಿಧಾನದ ಹಿರಿಮೆಯೆಂದು ಮೇಲೆ ಹೇಳಿದೆ. ಅದೇ ಮಾತನ್ನು ಆಟಗಾರನ ಕಡೆಯಿಂದ ನೋಡಿದರೆ ಪ್ರತಿದಿನವೂ ಪರೀಕ್ಷೆಯೇ. ಹಿಂದೆ ಕಂಬ ನೆಟ್ಟ ದಿನ ಆತನಿಗೆ ತಾನು ಅಳೆಯಲ್ಪಡುತ್ತಿದ್ದೇನೆಂದು ತಿಳಿದಿರುತ್ತಿತ್ತು. ಚೆನ್ನಾಗಿ ನಿದ್ರಿಸಿ, ಸಿದ್ಧನಾಗಿ ಬರುತ್ತಿದ್ದ. ಈಗ ಮಗುವಿಗೆ ಜ್ವರ ಬಂದು ನಿದ್ದೆಗೆಟ್ಟು ಬಂದ ಮುಂಜಾನೆಯ ಕಾಲೆಳೆತವೂ ಕಡತ ಸೇರುತ್ತದೆ. ಮೂವತ್ತೆರಡು ವಯಸ್ಸಿನ ಆಟಗಾರನ ರೇಖೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುವುದು ಪ್ರಕೃತಿನಿಯಮ. ಆ ಇಳಿಕೆಯನ್ನು ಒಪ್ಪಂದ ನವೀಕರಣದ ಮಾತುಕತೆಗೆ ಕೂತ ಆಡಳಿತ ಮೊದಲು ಕಂಡು, ಆಟಗಾರ ಕಾಣದೇ ಹೋದರೆ ಅದನ್ನು ಸಮಾನರ ಮಾತುಕತೆ ಎನ್ನಲಾದೀತೆ? ಗಾಯ ತಡೆಯಲೆಂದು ಕಟ್ಟಿಸಿಕೊಂಡ ಯಂತ್ರ ಬೆಲೆ ಕಟ್ಟುವ ತಕ್ಕಡಿಯಾಗುವುದು ಹೀಗೆ. 2024ರ ಆರಂಭದಿಂದ ರಗ್ಬಿಯ ಉನ್ನತ ಸ್ತರದಲ್ಲಿ ತಲೆಗೆ ಬಿದ್ದ ಹೊಡೆತದ ತೀವ್ರತೆ ಅಳೆಯುವ ಹಲ್ಲುಕವಚಗಳೂ ಬಂದಿವೆ. ಮಿದುಳನ್ನು ಉಳಿಸುವ ಉದ್ದೇಶ ಪ್ರಶ್ನಾತೀತ. ಆದರೆ ಬೆನ್ನಿನಿಂದ ಬಾಯೊಳಗಿನವರೆಗೆ ದೇಹ ಕೊಡುತ್ತಿರುವ ಮಾಹಿತಿ ಯಾರ ಕೈಸೇರುತ್ತದೆಂಬ ಪ್ರಶ್ನೆ ಇದರಿಂದ ಇನ್ನಷ್ಟು ತುರ್ತಾಗುತ್ತದೆ.

ಬ್ರಿಟನ್ನಿನಲ್ಲಿ 2021ರಲ್ಲಿ ನೂರಾರು ಫುಟ್ಬಾಲ್ ಆಟಗಾರರ ಪರವಾಗಿ, ಅವರ ಅಂಕಿ ಅಂಶಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುತ್ತಿರುವ ಕಂಪನಿಗಳಿಗೆ ಕಾನೂನು ನೋಟಿಸುಗಳು ಹೋದವು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣಕ್ಕೆ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಲ್ಲೇ ಚರ್ಚೆಯಾಗುತ್ತ ಬಂದು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ರೂಪುಗೊಂಡಿತು. ದತ್ತಾಂಶ ಬಳಕೆಗೆ ವ್ಯಕ್ತಿಯ ಒಪ್ಪಿಗೆಯನ್ನು ಅದು ಮುಖ್ಯ ಆಧಾರವಾಗಿಸಿದೆ. ಆದರೆ ದೇಹಾರೋಗ್ಯದ ಮಾಹಿತಿಗೆಂದು ಪ್ರತ್ಯೇಕ ರಕ್ಷಣೆಯ ವರ್ಗವನ್ನು ಯುರೋಪಿನ ಕಾನೂನಿನಂತೆ ಅದು ಗುರುತಿಸಿಲ್ಲ. ತಂಡಕ್ಕೆ ಆಯ್ಕೆಯಾಗಲು ಹಾತೊರೆಯುವ ಹುಡುಗನ ಮುಂದೆ ಕಾಗದ ಹಿಡಿದು ಪಡೆದ ಸಹಿ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದು ಬೇರೆಯೇ ಜಿಜ್ಞಾಸೆ.

ಇದು ದೂರದ ದೇಶಗಳ ಮಾತೆಂದು ತಳ್ಳಿಹಾಕುವಂತಿಲ್ಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಏಳಾಟಗಾರರ ರಗ್ಬಿ ಲೀಗಿನ ಮೊದಲ ಆವೃತ್ತಿಯಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡವೂ ಇತ್ತು. ಕ್ರಿಕೆಟ್, ಹಾಕಿ, ಫುಟ್ಬಾಲ್ ಆಟಗಾರರ ಬೆನ್ನ ಮೇಲೂ ಇದೇ ಸಾಧನವಿದೆ. ಬೆಂಗಳೂರಿನ ರಸ್ತೆಗಳಲ್ಲಿ ಊಟದ ಪೊಟ್ಟಣ ಹೊತ್ತು ಓಡುವ ಯುವಕರನ್ನೇ ನೋಡಿ. ಅವರ ಜೇಬಿನ ಮೊಬೈಲು ಇದೇ ಉಪಗ್ರಹಗಳ ನೆರವಿನಿಂದ ಅವರ ಚಲನೆಯನ್ನು ಎಣಿಸುತ್ತಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತದ್ದು, ಲಿಫ್ಟ್ ಕೆಟ್ಟ ಕಟ್ಟಡದ ಆರನೆಯ ಮಹಡಿ ಹತ್ತಿದ್ದು ಆ ಲೆಕ್ಕದಲ್ಲಿ ಸ್ಕ್ರಮ್‌ನಲ್ಲಿ ತಳ್ಳುವ ಪ್ರಾಪ್‌ನ ದುಡಿಮೆಯಂತೆಯೇ ಕಾಣದೆ ಹೋಗುತ್ತದೆ. ಆಟದ ಮೈದಾನದಲ್ಲಿ ನಾವು ಇಂದು ಒಪ್ಪುವ ನಿಯಮ ನಾಳೆ ಕಾರ್ಖಾನೆ, ಕಚೇರಿಗಳಿಗೂ ಬರುತ್ತದೆ.

ಯಂತ್ರವನ್ನು ಕಿತ್ತೆಸೆಯಿರಿ ಎನ್ನುವುದು ನನ್ನ ವಾದವಲ್ಲ; ಅದು ಉಳಿಸಿರುವ ಸ್ನಾಯುಗಳ, ವೃತ್ತಿಜೀವನಗಳ ಲೆಕ್ಕವೂ ದೊಡ್ಡದೇ. ಕೆಲವು ಕನಿಷ್ಠ ಕಟ್ಟುಪಾಡುಗಳನ್ನಂತೂ ಕೇಳಬಹುದು. ಆಟಗಾರನ ರೇಖೆ ಮೊದಲು ಆಟಗಾರನಿಗೆ ಕಾಣಲಿ. ಅದನ್ನು ಓದಿ ಅರ್ಥೈಸಿಕೊಳ್ಳುವ ನೆರವು ಅವನಿಗೆ ಸಿಗಲಿ. ಗಾಯ ತಡೆಯಲೆಂದು ಸಂಗ್ರಹಿಸಿದ್ದು ವೈದ್ಯರ ಮತ್ತು ತರಬೇತುದಾರರ ಕೊಠಡಿ ದಾಟಿ ಸಂಬಳದ ಮೇಜಿಗೆ ಬಾರದಿರಲಿ. ತಂಡ ಬಿಟ್ಟು ಹೋಗುವವನು ತನ್ನ ದಾಖಲೆಗಳನ್ನು ಜೊತೆಗೊಯ್ಯುವಂತಾಗಲಿ. ಉಳಿದ ಪ್ರತಿಯನ್ನು ಅಳಿಸಿಹಾಕುವ ಕಾಲಮಿತಿಯಿರಲಿ. ಯಾರನ್ನೂ ಕೇವಲ ಅಂಕಿಯ ಬಲದಿಂದ ಕೈಬಿಡುವಂತಾಗದಿರಲಿ. ಇವು ಉಪಗ್ರಹ ಹಾರಿಸಿದಷ್ಟು ಕಷ್ಟದ ಕೆಲಸಗಳಲ್ಲ. ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದಿಂದ ಒಬ್ಬ ಮನುಷ್ಯನ ಹೆಜ್ಜೆಯ ವೇಗ ಹೇಳಬಲ್ಲ ಜಾಣ್ಮೆ ನಮಗಿದೆಯೆಂದ ಮೇಲೆ, ಆ ಹೆಜ್ಜೆ ಯಾರದೋ ಅವನ ಮುಂದೆ ಕೂತು ‘ಇದನ್ನು ಹೀಗೆ ಬಳಸಲೇ?’ ಎಂದು ಕೇಳುವ ಸೌಜನ್ಯವೂ ನಮಗೆ ಇರಬೇಕು.